ಅಗೆ ಮಡಿಯ ಪಕ್ಕ

ಕತೆ ಬರೆಯಲು ಮೊದಲು ಬೇಕಾದ್ದು ಕಿವಿ, ಕೈ ಆಮೇಲೆ. ಸೋಸಲೆಯ ಟೀ ಅಂಗಡಿ ಬೆಂಚಿನ ಮೇಲೆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರಲಾರದವನು ಸಂಭಾಷಣೆ ಬರೆಯದಿರುವುದೇ ಕ್ಷೇಮ.

*

ಅಗೆ ಮಡಿಯಲ್ಲಿ ಪೈರು ಒತ್ತೊತ್ತಾಗಿ, ಕಣ್ಣು ತುಂಬುವಷ್ಟು ಹಸಿರಾಗಿರುತ್ತದೆ. ಆ ಚೆಲುವಿಗೆ ಸೋತು ಕೀಳದೆ ಬಿಟ್ಟವನಿಗೆ ಸಿಗುವುದು ಹುಲ್ಲು, ಭತ್ತವಲ್ಲ. ಮೊದಲ ಕರಡೂ ಹಾಗೆಯೇ. ಕಿತ್ತು, ಬೇರಿನ ಮಣ್ಣು ಜಾಡಿಸಿ, ಎಡೆ ಬಿಟ್ಟು ನೆಡಬೇಕು. ಓದುವವನು ಓಡಾಡುವುದು ಆ ಎಡೆಯಲ್ಲಿ.

*

ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತನ್ನು ‘ಕುಸುಮಬಾಲೆ’ಯಲ್ಲಿ ಪಾತ್ರಗಳ ಬಾಯಿಗಷ್ಟೇ ಬಿಡಲಿಲ್ಲ, ಕತೆ ಹೇಳುವ ದನಿಗೂ ಕೊಟ್ಟರು. ಕಣ್ಣಲ್ಲಿ ಓದಿದಾಗ ಕಷ್ಟ ಎನಿಸಿದ್ದು, ನಮ್ಮ ಕಡೆಯವರೊಬ್ಬರು ಗಟ್ಟಿಯಾಗಿ ಓದಿದಾಗ ನನಗೆ ಸಲೀಸಾಯಿತು. ಪಾತ್ರ ಊರಮಾತು ಆಡುತ್ತ, ಲೇಖಕ ಮಾತ್ರ ಪುಸ್ತಕದ ಕನ್ನಡದಲ್ಲೇ ಇದ್ದರೆ ಅವನು ಜಗಲಿ ಮೇಲೆ ಕೂತಿದ್ದಾನೆ, ಪಾತ್ರವನ್ನು ಅಂಗಳದಲ್ಲಿ ನಿಲ್ಲಿಸಿದ್ದಾನೆ ಎಂದೇ ಲೆಕ್ಕ. ನಾನು ಬಹಳ ವರ್ಷ ಜಗಲಿ ಮೇಲೇ ಕೂತಿದ್ದೆ.

*

ದೇವನೂರರದೇ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾಳೆ, ಮನೆಮಂದಿಯೆಲ್ಲ ಕೂತು ರಾತ್ರಿ ಕಡಲೆಕಾಯಿ ಮೂಟೆ ಬಿಚ್ಚಿ ತಿನ್ನುತ್ತಾರೆ. ಹಸಿವಿನ ಬಗ್ಗೆ ಭಾಷಣ ಮಾಡಲು ಹೊರಟ ಹೊಸ ಕತೆಗಾರನಿಗೆ ನಾನು ಹೇಳುವುದಿಷ್ಟೇ: ಮೊದಲು ಒಂದು ಮೂಟೆ ಬಿಚ್ಚು.

*

ಗೌರವಧನದ ಚೆಕ್ಕು ಬಂದ ದಿನ ಮನೆಯಲ್ಲಿ ಕೇಳಿದರು: “ಇದ್ಯಾವ ಕೆಲ್ಸದ್ದು?”

*

ನಂಜನಗೂಡು ತಿರುಮಲಾಂಬ (1887–1982) 14ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡರು. 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆ ಕಟ್ಟಿ ‘ಸುಶೀಲೆ’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ಆಮೇಲೆ ‘ಕರ್ನಾಟಕ ನಂದಿನಿ’ ಪತ್ರಿಕೆ. ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಒಬ್ಬರೇ. ‘ಬರೆಯೋಕೆ ಪುರುಸೊತ್ತಿಲ್ಲ’ ಎಂದು ಗೊಣಗುವ ದಿನ ನಾನು ಈ ಇಸವಿಗಳನ್ನು ನೆನೆಯಲು ಹೋಗುವುದಿಲ್ಲ, ನಾಚಿಕೆಯಾಗುತ್ತದೆ. ಬರವಣಿಗೆ ನಿಲ್ಲಿಸಿದ ಮೇಲೂ ಅವರು ದಶಕಗಟ್ಟಲೆ ಬದುಕಿದ್ದರು. ಆ ಬರೆಯದ ವರ್ಷಗಳ ಮೇಲೆ ಯಾರಾದರೂ ಒಂದು ಕಾದಂಬರಿ ಬರೆಯಬಾರದೆ?

*

ಸೋಸಲೆ ಅಯ್ಯಾಶಾಸ್ತ್ರಿಗಳ ಪ್ರಾರ್ಥನೆಯನ್ನು ಶಾಲೆಯ ಅಂಗಳದಲ್ಲಿ ನಿಂತು ಹಾಡಿದ ನಾವು, ಅದು 1958ರ ‘ಸ್ಕೂಲ್ ಮಾಸ್ಟರ್’ ಸಿನಿಮಾದ ಹಾಡು ಎಂದುಕೊಂಡಿದ್ದೆವು. ಬರೆದವರ ಹೆಸರಿನ ಮುಂದೆ ನಮ್ಮೂರೇ ಇದೆ ಎಂದು ತಿಳಿದದ್ದು ಮೀಸೆ ಬಂದ ಮೇಲೆ. ಬರೆದವರ ಹೆಸರು ಕಳಚಿಬಿದ್ದರೂ ಮಕ್ಕಳ ಬಾಯಲ್ಲಿ ನಡೆದುಕೊಂಡು ಹೋಗುವ ಸಾಲು! ಬಹುಮಾನ ಬಂದವರನ್ನು ಕಂಡು ನನಗೆ ಇಷ್ಟು ಹೊಟ್ಟೆಕಿಚ್ಚು ಆದದ್ದಿಲ್ಲ.

*

ತಲಕಾಡಿನ ಮರಳು ಶಾಪದ್ದು ಎಂದರೆ ಕತೆ, ಗಾಳಿಯದು ಎಂದರೆ ಭೂಗೋಳ. ನಮ್ಮಜ್ಜಿ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನಾನು ಇನ್ನೂ ಯಾವುದಾದರೂ ಒಂದನ್ನು ಅಳಿಸುತ್ತ ಕೂತಿದ್ದೇನೆ.

*

ಮಂಟೇಸ್ವಾಮಿ ಕತೆ ಹಾಡುವ ನೀಲಗಾರರಿಗೆ ಎದುರು ಕೂತವರ ಮುಖ ಕಾಣುತ್ತದೆ. ಮುಖ ನೋಡಿಕೊಂಡು ಕತೆ ಹಿಗ್ಗುತ್ತದೆ, ಕುಗ್ಗುತ್ತದೆ. ನನ್ನ ಎದುರಿಗಿರುವುದು ಬರೀ ಹಾಳೆ. ಅದು ತೂಕಡಿಸಿದ್ದು ಗೊತ್ತೇ ಆಗುವುದಿಲ್ಲ.

*

ವಿಶೇಷಣ ನೆಂಟರಿದ್ದ ಹಾಗೆ. ಒಬ್ಬರು ಬಂದರೆ ಮನೆಗೆ ಕಳೆ. ಮೂವರು ಬಂದರೆ ಮನೆಯವರಿಗೇ ಜಾಗವಿಲ್ಲ.

*

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕತೆಯೊಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತು, ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಅವು ಹೊರಬಿದ್ದು, ಗಂಡಸಿನ ಅಂಗಿ, ಜೋಡುಗಳಾಗಿ ಅವಳ ಮನೆಯಲ್ಲೇ ಕೂತು ಗಂಡ ಹೆಂಡಿರಿಗೆ ಜಗಳ ಹಚ್ಚುತ್ತವೆ. ಸತ್ಯವನ್ನು ಆಡಿಕೊಳ್ಳುವುದು ಊರಿನ ದೀಪಗಳು, ರಾತ್ರಿ ಆರಿದ ಮೇಲೆ ಒಂದೆಡೆ ಸೇರಿ. ಹೇಳದೆ ಇಟ್ಟುಕೊಂಡ ಕತೆಯ ಸೇಡನ್ನು ನಾನೂ ಬಲ್ಲೆ. ಹೇಳಿಬಿಟ್ಟ ಕತೆಯದು ಬೇರೆ ಬಗೆಯ ಸೇಡು. ಅದರ ಬಗ್ಗೆ ಆ ಕತೆ ಏನೂ ಹೇಳುವುದಿಲ್ಲ.

*

ಮೊನ್ನೆ ಕರೆಂಟು ಹೋದಾಗ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದೆ. ಪಕ್ಕದ ಮನೆಯ ಅವ್ವ ಬೆಂಕಿಪೊಟ್ಟಣ ಕೇಳಲು ಬಂದರು.

“ಏನಪ್ಪ, ಕತ್ಲೇಲಿ ಏನ್ ಬರೀತಿದ್ದಯ್?”

“ಕತೆ ಕನವ್ವ.”

“ಯಾರ್ದು?”

ಹಾಳೆ ಮಗುಚಿಟ್ಟು, ಬೆಂಕಿಪೊಟ್ಟಣ ಹುಡುಕಲು ಎದ್ದೆ.