ಸೂಜಿ ಮುಟ್ಟಿಸಿಲ್ಲ

ನಮ್ಮ ಮನೆಯವರ ಯೆಜ್ಡಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿ ಮಾತ್ರ ನಮ್ಮ ಜಗಲಿಯ ಪಕ್ಕ ತಾಡಪಾಲು ಹೊದ್ದು ನಿಂತೇ ಇತ್ತು. ಕಿಕ್ಕು ಹೊಡೆಯಲು ಅವರ ಮೊಣಕಾಲು ಒಪ್ಪದೆ ಎರಡು ವರ್ಷವಾಗಿತ್ತು. ಕೊನೆಗೆ ಮಾರುವುದೆಂದಾಯಿತು. ಸ್ಟಾರ್ಟ್ ಆಗದ ಗಾಡಿಗೆ ಗುಜರಿಯ ರೇಟು ತಾನೆ ಸಿಗುವುದು? "ಕಾರ್ಬುರೇಟರ್ ಕಟ್ಟಿಕೊಂಡಿದೆ ಅಷ್ಟೆ. ನೀನೇ ಬಿಚ್ಚು, ನಾನು ಹೇಳಿಕೊಡ್ತೀನಿ" ಎಂದು ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಗ್ಯಾಸಿನ ಬರ್ನರು ಉಜ್ಜಿದ ಕೈಗೆ ಇದೇನು ಮಹಾ ಎಂದುಕೊಂಡೆ. ಪೆಟ್ರೋಲಿನ ನಲ್ಲಿ ಮುಚ್ಚಿ, ಕೊಳವೆ ಬಿಡಿಸಿ, ಕಾರ್ಬುರೇಟರ್ ಕಳಚಿ, ತಳದ ಬಟ್ಟಲಿನ ಸ್ಕ್ರೂ ಬಿಚ್ಚಿದೆ. ಬಿಚ್ಚಿದ್ದನ್ನೆಲ್ಲ ಅದೇ ಕ್ರಮದಲ್ಲಿ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಇಡಬೇಕು. ಇಲ್ಲದಿದ್ದರೆ ಜೋಡಿಸುವಾಗ ಒಂದು ಸ್ಕ್ರೂ ಉಳಿದು ನಮ್ಮ ಮುಖ ನೋಡುತ್ತದೆ. ಯೆಜ್ಡಿಗೆ ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಹಾಕುವುದು ನಿಮಗೂ ಗೊತ್ತಿರಬಹುದು. ಗಾಡಿ ನಿಂತಲ್ಲೇ ನಿಂತರೆ ಪೆಟ್ರೋಲು ಆರಿಹೋಗಿ, ಎಣ್ಣೆ ಹಲಸಿನ ಮೇಣದ ಹಾಗೆ ತಳಕ್ಕೆ ಅಂಟುತ್ತದೆ. ಅದರ ನಡುವೆ ಹಿತ್ತಾಳೆಯ ಪುಟ್ಟ ಜೆಟ್ಟು. ಇಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕೆಂದು ಅಳೆದು ಕೊಡುವುದು ಅದರ ಕೂದಲೆಳೆಯಂಥ ತೂತೇ. "ಪೆಟ್ರೋಲಲ್ಲಿ ನೆನೆಸು, ಸೈಕಲ್ ಪಂಪಿನಿಂದ ಗಾಳಿ ಹೊಡಿ. ಸೂಜಿ ಮಾತ್ರ ಮುಟ್ಟಿಸಬೇಡ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗುತ್ತೆ" ಎಂದರು.

ನೆನೆಸಿದೆ, ಗಾಳಿ ಹೊಡೆದೆ, ಮತ್ತೆ ನೆನೆಸಿದೆ. ಬೆಳಕಿಗೆ ಹಿಡಿದರೆ ತೂತೇ ಕಾಣಲಿಲ್ಲ. ಪಂಪ್ ಸ್ಟೋವಿಗೆ ಪಿನ್ನು ಹಾಕುತ್ತಲೇ ಸಂಸಾರ ಶುರುಮಾಡಿದವಳು ನಾನು. ಅವರು ಫೋನ್ ಬಂತೆಂದು ಒಳಗೆ ಹೋದದ್ದೇ ತಡ, ಹೊಲಿಗೆ ಡಬ್ಬಿಯ ಸೂಜಿ ತಂದು ನಾಲ್ಕು ಸಲ ತಿರುವಿದೆ. ಬೆಳಕು ಕಂಡಿತು.

ಪಕ್ಕದ ಮನೆಯ ಹುಡುಗ ಕಿಕ್ಕು ಹೊಡೆದ, ಗಾಡಿ ಸ್ಟಾರ್ಟೂ ಆಯಿತು. ಹೊಗೆ ತುಸು ಹೆಚ್ಚು. ಹಳೆಯ ಗಾಡಿಯಲ್ಲವೇ ಎಂದರು ಎಲ್ಲರೂ. ಸಂಜೆ ಕೊಳ್ಳಲು ಬಂದ ಹುಡುಗನಿಗೆ ನಮ್ಮವರು ಹೆಮ್ಮೆಯಿಂದ, "ಎಲ್ಲಾ ಇವಳೇ ಮಾಡಿದ್ದು. ಜೆಟ್ಟಿಗೆ ಸೂಜಿ ಮುಟ್ಟಿಸಿಲ್ಲ, ಅದಕ್ಕೆ ನಾನು ಜವಾಬ್ದಾರಿ" ಎಂದರು. ಅವನು ಐದು ಸಾವಿರ ಮುಂಗಡ ಕೊಟ್ಟ. ನಾನು ಕಾಫಿ ಕೊಟ್ಟೆ.

ನಾನು ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದೆ. ಸುಮ್ಮನಿರುವುದು ನಮಗೆ ಹೊಸತೇ? ಉಪ್ಪು ಜಾಸ್ತಿಯಾದ ಸಾರಿಗೆ ಆಲೂಗಡ್ಡೆ ಹಾಕಿ ಸುಮ್ಮನಿರುತ್ತೇವೆ, ಒಡೆದ ಲೋಟವನ್ನು ಕಸದ ಅಡಿಗೆ ತಳ್ಳಿ ಸುಮ್ಮನಿರುತ್ತೇವೆ. ಅದರಿಂದ ಯಾರ ಮನೆಯೂ ಹಾಳಾಗಿಲ್ಲ. ಆದರೆ ಈ ಸಲ ನನ್ನ ಮೌನ ಇನ್ನೊಬ್ಬರ ಬಾಯಲ್ಲಿ ಸುಳ್ಳಾಗಿತ್ತು. ಅದೂ ತರಕಾರಿಯವಳು ಮರೆತ ಎಂಟಾಣೆಯನ್ನು ಓಡಿಹೋಗಿ ಕೊಟ್ಟುಬರುತ್ತಿದ್ದ ಮನುಷ್ಯನ ಬಾಯಲ್ಲಿ. ಜೆಟ್ಟಿನ ಮೇಲೆ ಅದರ ಅಳತೆಯ ಅಂಕಿ ಒತ್ತಿರುತ್ತದೆ. ಅಂಕಿ ಹಾಗೇ ಇತ್ತು, ತೂತು ಹಾಗಿರಲಿಲ್ಲ.

ಗುಟ್ಟಾಗಿ ಹೊಸ ಜೆಟ್ಟು ತಂದು ಹಾಕಿಸಿಬಿಟ್ಟರೆ? ಬೆಲೆಯೇನೂ ದೊಡ್ಡದಲ್ಲ. ಹುಡುಗನಿಗೆ ನಷ್ಟವಿಲ್ಲ, ಇವರ ಮಾತೂ ಹೆಚ್ಚುಕಡಿಮೆ ನಿಜವಾಗುತ್ತದೆ. ರಾತ್ರಿ ಹನ್ನೊಂದರವರೆಗೂ ಈ ಲೆಕ್ಕ ಸರಿಯೆಂದೇ ಕಂಡಿತು. ಮಗ್ಗುಲು ಬದಲಿಸಿದಾಗ ಹೊಳೆಯಿತು: ಎಲ್ಲ ಸರಿಹೋದ ಮೇಲೂ "ಇವಳೇ ಮಾಡಿದ್ದು" ಎಂಬ ಹೊಗಳಿಕೆ ನನ್ನ ಹತ್ತಿರವೇ ಉಳಿಯುತ್ತದೆ. ನಾನು ಕಾಪಾಡಿಕೊಳ್ಳಲು ಹೊರಟಿದ್ದು ಅದನ್ನೇ.

"ರೀ" ಎಂದು ಎಬ್ಬಿಸಿ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಯಾವ ಸೂಜಿ?" ಎಂದರು. ತೋರಿಸಿದೆ. ದೀಪ ಆರಿಸಿ ಗೋಡೆಯ ಕಡೆ ತಿರುಗಿದರು.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದ್ದು ನಾನೇ. "ಅಯ್ಯೋ ಬಿಡಿ ಅಮ್ಮ, ಹೇಗೂ ನಾನು ಬಿಚ್ಚಿ ನೋಡೋನೇ ಇದ್ದೆ" ಎಂದು ನಕ್ಕ. ಹಗುರಾಗಬೇಕಿತ್ತು, ಆಗಲಿಲ್ಲ. ಬಿಚ್ಚಿ ನೋಡಿದ ದಿನ ಇವನು ನಮ್ಮ ಮನೆಯವರನ್ನು ಏನೆಂದುಕೊಳ್ಳುತ್ತಿದ್ದ?

ಭಾನುವಾರ ಹೊಸ ಜೆಟ್ಟು ಬಂತು. "ನೀನೇ ಹಾಕು" ಎಂದು ಮತ್ತೆ ಕುರ್ಚಿ ಹಾಕಿಕೊಂಡು ಕೂತರು. ಕೂರುವ ಮೊದಲು ಹೊಲಿಗೆ ಡಬ್ಬಿಯನ್ನು ಒಳಗೆ ಒಯ್ದು ಬೀರುವಿನ ಮೇಲಿಟ್ಟು ಬಂದರು, ನನ್ನ ಕೈಗೆ ಎಟುಕದಷ್ಟು ಮೇಲೆ.