ಪಾಳಿ ಮುಗಿಯದ ಊರು

ಕಳೆದ ಬೇಸಿಗೆಯಲ್ಲಿ ಹರಿಹರದ ಅಜ್ಜನ ಮನೆಯಲ್ಲಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ನನ್ನ ಮೊಬೈಲಿನ ಅಲಾರಂ ಹೊಡೆಯಿತು. ದಿಂಬಿನಡಿ ಕೈಹಾಕಿ ಅದನ್ನು ಆರಿಸುವಷ್ಟರಲ್ಲಿ ಪಡಸಾಲೆಯಲ್ಲಿ ಮಲಗಿದ್ದ ಅಜ್ಜ ಎದ್ದು ಕೂತಿದ್ದ. “ಯಾಕಪ್ಪಾ, ಯಾವ ಪಾಳಿಗೆ ಹೊಂಟಿ?” ಎಂದ. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಅರ್ಧ ಆಯುಷ್ಯ ಕಳೆದವನು ಅವನು. ರಾತ್ರಿ ಪಾಳಿ ಬಿಟ್ಟು ಎಷ್ಟೋ ವರ್ಷಗಳಾದರೂ ನಡುರಾತ್ರಿಯ ಗಂಟೆ ಎಂದರೆ ಅವನಿಗೆ ಇನ್ನೂ ಕೆಲಸವೇ. “ಏನಿಲ್ಲ ಅಜ್ಜ, ಗೇಮು” ಅಂದೆ. ಅವನಿಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಕೂತು ಯೋಚಿಸಿದಾಗ ನನಗೂ ಅಷ್ಟಾಗಿ ಅರ್ಥವಾಗಲಿಲ್ಲ.

ಆ ಗೇಮಿನ ಹೆಸರು ಸಿಮ್‌ಸಿಟಿ ಬಿಲ್ಡ್‌ಇಟ್. ವಿಲ್ ರೈಟ್ 1989ರಲ್ಲಿ ರೂಪಿಸಿದ ಸಿಮ್‌ಸಿಟಿ ಎಂಬ ಕಂಪ್ಯೂಟರ್ ಆಟದ ವಂಶದ್ದು, 2014ರಲ್ಲಿ ಮೊಬೈಲಿಗೆ ಬಂದದ್ದು. ರಸ್ತೆ ಹಾಕಬೇಕು, ಮನೆ ಕಟ್ಟಬೇಕು, ನೀರು, ಕರೆಂಟು, ಅಗ್ನಿಶಾಮಕ ಠಾಣೆ ಒದಗಿಸಬೇಕು. ಇದಕ್ಕೆಲ್ಲ ಸಿಮೋಲಿಯನ್ ಎಂಬ ನಾಣ್ಯ ಬೇಕು. ಅದನ್ನು ಆದಷ್ಟು ಬೇಗ, ಆದಷ್ಟು ಹೆಚ್ಚು ಗಳಿಸುವ ಉಪಾಯಕ್ಕೆ ಆಟಗಾರರು ಫಾರ್ಮಿಂಗ್ ಎನ್ನುತ್ತಾರೆ. ಮೆಕ್ಕೆಜೋಳ, ಭತ್ತ ಬೆಳೆಯುವ ನಮ್ಮ ಜಿಲ್ಲೆಯವರಿಗೆ ನಗು ಬರುವಂಥ ಮಾತು. ಈ ಬೇಸಾಯಕ್ಕೆ ಮಳೆ ಬೇಡ, ಭದ್ರಾ ನಾಲೆಯ ನೀರು ಬೇಡ. ಬೇಕಾದದ್ದು ಗಡಿಯಾರ ಮಾತ್ರ.

ಲೆಕ್ಕ ಹೀಗಿದೆ. ಆಟದ ಕಾರ್ಖಾನೆಯಲ್ಲಿ ಲೋಹ ತಯಾರಾಗಲು 1 ನಿಮಿಷ, ಮರಕ್ಕೆ 3, ಪ್ಲಾಸ್ಟಿಕ್ಕಿಗೆ 9 ನಿಮಿಷ. ಬಟ್ಟೆಗೆ 3 ಗಂಟೆ, ಗಾಜಿಗೆ 5, ಎಲೆಕ್ಟ್ರಿಕಲ್ ಬಿಡಿಭಾಗಕ್ಕೆ 7 ಗಂಟೆ. ನಾನು ಆಡುತ್ತಿದ್ದಾಗ ಲೋಹದ ಗರಿಷ್ಠ ಬೆಲೆ 10 ಸಿಮೋಲಿಯನ್, ಎಲೆಕ್ಟ್ರಿಕಲ್ ಬಿಡಿಭಾಗದ್ದು 160. ಮೇಲುನೋಟಕ್ಕೆ 160 ದೊಡ್ಡದು. ಆದರೆ ಗಂಟೆಯ ಲೆಕ್ಕಕ್ಕೆ ಇಳಿಸಿ ನೋಡಿ: ಏಳು ಗಂಟೆಗೆ 160 ಎಂದರೆ ಗಂಟೆಗೆ ಸುಮಾರು 23. ನಿಮಿಷಕ್ಕೊಮ್ಮೆ ಬೆರಳಾಡಿಸಿ ಲೋಹ ತೆಗೆದರೆ ಗಂಟೆಗೆ 600. ಹಾಗಾಗಿ ಬಲ್ಲವರು ಹೇಳುವ ಸೂತ್ರ ಇಷ್ಟು: ಎಚ್ಚರವಿದ್ದಾಗ ಬೇಗ ಆಗುವ ಸರಕು, ಮಲಗುವಾಗ ತಡವಾಗಿ ಆಗುವ ಸರಕು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಸಂಜೆ ಏಳಕ್ಕೆ ಹಾಕಿದ್ದನ್ನು ರಾತ್ರಿ ಎರಡಕ್ಕೆ ತೆಗೆದು ಮತ್ತೆ ಹಾಕಿದರೆ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಂದು ಕಂತು ಸಿದ್ಧ. ಅಜ್ಜನನ್ನು ಎಬ್ಬಿಸಿದ್ದು ಈ ಲೆಕ್ಕ.

ಗಮನಿಸಿದರೆ ಆಟ ಬೆಲೆ ಕಟ್ಟುತ್ತಿರುವುದು ಲೋಹಕ್ಕೂ ಅಲ್ಲ, ಬಿಡಿಭಾಗಕ್ಕೂ ಅಲ್ಲ. ನನ್ನ ಕಣ್ಣು ಪರದೆಯ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂಬುದಕ್ಕೆ. ಕಾಯಲು ಮನಸ್ಸಿಲ್ಲದವರು ಸಿಮ್‌ಕ್ಯಾಶ್ ಎಂಬ ಇನ್ನೊಂದು ನಾಣ್ಯ ಕೊಟ್ಟು ಸಮಯವನ್ನು ದಾಟಿಸಬಹುದು. ಅದನ್ನು ನಿಜವಾದ ರೂಪಾಯಿಗೆ ಮಾರುತ್ತಾರೆ.

ಇನ್ನು ಕೆಲವು ಉಪಾಯಗಳಿವೆ. ಊರನ್ನು ಬೇಗ ಬೆಳೆಸಬೇಡಿ ಎನ್ನುತ್ತಾರೆ. ಜನ ಹೆಚ್ಚಿದರೆ ಚರಂಡಿ, ಕಸ ವಿಲೇವಾರಿ, ಆಸ್ಪತ್ರೆ ಎಂದು ಖರ್ಚು ಬರುತ್ತದೆ. ಮನೆ ಮೇಲ್ದರ್ಜೆಗೇರಿದಾಗ ನಾಣ್ಯ ಸಿಗುವುದರಿಂದ, ಪೂರ್ತಿ ಬೆಳೆದ ಕಟ್ಟಡವನ್ನು ಕೆಡವಿ ಅದೇ ಜಾಗದಲ್ಲಿ ಮೊದಲಿನಿಂದ ಕಟ್ಟಿ ಎನ್ನುತ್ತಾರೆ. ಹೊಗೆಯುಗುಳುವ ಕಾರ್ಖಾನೆಯನ್ನು ಬೆರಳಿನಿಂದ ಒತ್ತಿಹಿಡಿದು ಊರಾಚೆಯ ಮೂಲೆಗೆ ಎಳೆದರಾಯಿತು. ನಾನು ಇವೆಲ್ಲವನ್ನೂ ಮಾಡಿದ್ದೇನೆ. ಒಂದು ಬಸ್ ಪ್ರಯಾಣದಲ್ಲಿ, ದಾವಣಗೆರೆಯಿಂದ ಹರಿಹರ ಮುಟ್ಟುವುದರೊಳಗೆ, ಆರು ಅಪಾರ್ಟ್‌ಮೆಂಟು ಕೆಡವಿದ್ದೇನೆ. ಯಾರೂ ಅಳಲಿಲ್ಲ, ಯಾರೂ ತಡೆಯಾಜ್ಞೆ ತರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಹಾಗಾದರೆ ಇದರಲ್ಲಿ ನೈತಿಕ ಪ್ರಶ್ನೆ ಎಲ್ಲಿಂದ ಬಂತು? ಚದುರಂಗದಲ್ಲಿ ಕಾಲಾಳನ್ನು ಬಲಿಕೊಟ್ಟವನನ್ನು ಕೊಲೆಗಾರ ಎನ್ನುವುದಿಲ್ಲ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರ ತನ್ನ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಆಟ ಎಂದರೇನು ಎಂದು ಕೇಳಿಕೊಂಡು, ಬೇಕಿಲ್ಲದ ಅಡ್ಡಿಗಳನ್ನು ನಾವೇ ಇಷ್ಟಪಟ್ಟು ಮೈಮೇಲೆ ಹಾಕಿಕೊಂಡು ಅವನ್ನು ದಾಟುವ ಯತ್ನವೇ ಆಟ ಎಂಬರ್ಥದ ಉತ್ತರ ಕೊಟ್ಟ. ಆ ಅಡ್ಡಿಗಳ ಒಳಗೆ ಜಾಣತನ ತೋರುವುದು ತಪ್ಪೇನಲ್ಲ. ಅದೇ ಬಸ್ಸಿನಲ್ಲಿ ನನ್ನ ಜೊತೆ ಓಡಾಡುವ ಗೆಳೆಯನೊಬ್ಬ ಇದಕ್ಕಿಂತ ಗಟ್ಟಿಯಾದ ವಾದ ಹೂಡುತ್ತಾನೆ: “ರೊಕ್ಕ ಇದ್ದೋನು ಸಿಮ್‌ಕ್ಯಾಶ್ ತಗೋತಾನೆ. ನಮ್ಮಂಥೋರಿಗೆ ಲೆಕ್ಕಾನೇ ಬಂಡವಾಳ.” ಇದನ್ನು ತಳ್ಳಿಹಾಕಲಾರೆ. ಫಾರ್ಮಿಂಗ್ ಎಂಬುದು ಕಾಸಿಲ್ಲದವನು ಕಾಸಿರುವವನ ಸಮಕ್ಕೆ ನಿಲ್ಲುವ ದಾರಿಯೂ ಹೌದು.

ಆದರೂ ಮಾರನೆಯ ದಿನ ಅಜ್ಜ ಕೇಳಿದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಚಹಾ ಕುಡಿಯುತ್ತ ಅವನಿಗೆ ನನ್ನ ಊರನ್ನು ತೋರಿಸಿದೆ. ಬಟ್ಟೆ ತಯಾರಾಗುವ ಕಾರ್ಖಾನೆಯನ್ನು ಅವನು ಕಣ್ಣು ಕಿರಿದು ಮಾಡಿ ನೋಡಿದ. ಹತ್ತಿ ಇಲ್ಲದೆ, ನೂಲು ಇಲ್ಲದೆ, ಮೂರು ಗಂಟೆಗೊಮ್ಮೆ ಬಟ್ಟೆ. “ಚಲೋ ಐತಿ. ದುಡಿಯೋರು ಎಲ್ಲಿ ಅದಾರಪ್ಪ?” ಎಂದ. ನಾನು ಹುಡುಕಿದೆ. ರಸ್ತೆಯಲ್ಲಿ ಕಾರುಗಳಿದ್ದವು, ಪಾರ್ಕಿನಲ್ಲಿ ಜನರಿದ್ದರು. ಕಾರ್ಖಾನೆಗೆ ಹೋಗುವವರು ಮಾತ್ರ ಇರಲಿಲ್ಲ. ಆಮೇಲೆ ಹೊಳೆಯಿತು: ಇದ್ದವನು ನಾನೊಬ್ಬನೇ. ಆ ಊರಿನ ಮೇಯರ್ ಎಂದು ಆಟ ನನ್ನನ್ನು ಕರೆಯುತ್ತದೆ. ಮಾಡಿಸಿಕೊಳ್ಳುವುದು ಪಾಳಿ ಕೆಲಸ.

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ದಾವಣಗೆರೆಯಲ್ಲಿ ಕಾರ್ಖಾನೆ ಎಂದರೆ ಮೊದಲು ಜನ. ಮಿಲ್ಲಿನ ಸೈರನ್ನಿಗೆ ಊರಿನ ಒಲೆಗಳು ಹೊತ್ತುತ್ತಿದ್ದವು. ಗಿರಣಿ ಕಾರ್ಮಿಕರ ಬಲದಿಂದಲೇ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಇಲ್ಲಿ ಶಾಸಕರಾದರು. ಮಿಲ್ಲುಗಳು ಒಂದೊಂದಾಗಿ ನಿಂತಾಗ ನಿಂತದ್ದು ಯಂತ್ರ ಮಾತ್ರವಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾಗಿ, ಲೇತ್ ಯಂತ್ರಗಳಿಂದ ಊರಿಗೆ ಹೆಸರು ತಂದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಮುಚ್ಚಿದಾಗ, ಅದನ್ನೇ ನೆಚ್ಚಿದ್ದ ಮನೆಗಳಿಗೆಲ್ಲ ಅದರ ಬಿಸಿ ತಟ್ಟಿತು. ನನ್ನ ಪರದೆಯ ಊರಿನಲ್ಲಿ ಕಾರ್ಖಾನೆ ಅಳಿಸಿದರೆ ಜನಸಂಖ್ಯೆ ಒಂದೂ ಇಳಿಯುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ ಹಳೆಯ ಸಮಸ್ಯೆ. ಆದರೆ ಭಟ್ಟಿಯನ್ನು ಮೂಲೆಗೆ ಎಳೆಯಲು ಹೋದರೆ ಅದರ ಜೊತೆ ಮನೆ, ಮಕ್ಕಳ ಶಾಲೆ, ಅಂಗಡಿಯ ಉದ್ದರಿ ಎಲ್ಲವೂ ಎಳೆದುಕೊಂಡು ಬರುತ್ತವೆ.

ಇಲ್ಲಿಗೆ ನಿಲ್ಲಿಸಿ, ‘ಲೆಕ್ಕ ಹೃದಯಹೀನ, ಬದುಕು ಲೆಕ್ಕಕ್ಕೆ ಸಿಗುವುದಿಲ್ಲ’ ಎಂದುಬಿಡುವುದು ಸುಲಭ. ಆದರೆ ಅದು ಸುಳ್ಳು. ನಾನು ಕಂಡ ಅತ್ಯಂತ ಕರಾರುವಾಕ್ಕು ಲೆಕ್ಕಗಾರ್ತಿ ನನ್ನ ಅಜ್ಜಿ. ಗಿರಣಿಯ ಸಂಬಳದಲ್ಲಿ ಆರು ಹೊಟ್ಟೆ. ಜೋಳ ಎಷ್ಟು ಸೇರು, ಸೀಮೆಎಣ್ಣೆ ಎಷ್ಟು ದಿನ, ಯಾವ ವಾರ ಬೇಳೆ ತೆಳ್ಳಗೆ — ಎಲ್ಲವೂ ಅವಳ ಬೆರಳ ತುದಿಯಲ್ಲಿತ್ತು. ನನ್ನ ಕೋಷ್ಟಕಗಳು ಅವಳ ಮುಂದೆ ಹುಡುಗಾಟ. ಹಾಗಾದರೆ ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಇರುವ ವ್ಯತ್ಯಾಸವೇನು?

ಅವಳ ಲೆಕ್ಕಕ್ಕೆ ಕೊನೆ ಇತ್ತು. ಎಲ್ಲರೂ ಉಂಡ ಮೇಲೆ ಲೆಕ್ಕ ಮುಗಿಯುತ್ತಿತ್ತು. ಅವಳು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕತೆ ನಮಗೆಲ್ಲ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಬಸವಣ್ಣನೇ ಪರೀಕ್ಷಿಸಲೆಂದು ಅಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದ ಎಂದೂ ಹೇಳುವುದುಂಟು. ಇಂದಿನ ಆಟಗಳ ಭಾಷೆಯಲ್ಲಿ ಅದು ಬೋನಸ್ ದಿನ. ಇದನ್ನು ನಾವು ಆಸೆಯ ವಿರುದ್ಧದ ನೀತಿಕತೆ ಎಂದು ಓದುತ್ತೇವೆ. ನನಗೆ ಈಗ ಅದು ಲೆಕ್ಕದ ಕತೆಯಾಗಿಯೂ ಕಾಣುತ್ತದೆ. ಲಕ್ಕಮ್ಮನಿಗೆ ಅಂದಂದಿನ ಅಳತೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇವತ್ತಿನದು ಹೆಚ್ಚು ಎಂದು ಅವಳು ಹೇಳಬಲ್ಲಳು. ಲೆಕ್ಕ ಬಾರದವರಿಗೆ ‘ಸಾಕು’ ಎನ್ನಲು ಬರುವುದಿಲ್ಲ.

ನಾನು ಆಡಿದ ಆಟದಲ್ಲಿ ಈ ಪದಕ್ಕೆ ಜಾಗವಿಲ್ಲ. ಗೋದಾಮು ಬೇಗ ತುಂಬಿಬಿಡುತ್ತದೆ. ಆಗ ‘ಸಾಕು’ ಎನ್ನುವ ಬದಲು ಗೋದಾಮು ಹಿಗ್ಗಿಸು ಎನ್ನುತ್ತದೆ. ಹಿಗ್ಗಿಸಲು ಬೇರೆ ಸಾಮಾನು ಬೇಕು, ಅದಕ್ಕೆ ಮತ್ತೆ ನಾಣ್ಯ. ಫಾರ್ಮಿಂಗ್ ಬಗ್ಗೆ ನಾನು ಕೇಳಿದ ಯಾವ ಸಲಹೆಯೂ ಎಷ್ಟು ಗಳಿಸಿದ ಮೇಲೆ ನಿಲ್ಲಿಸಬೇಕು ಎಂದು ಹೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ನನ್ನ ತಪ್ಪು ಇದ್ದದ್ದು ಅಲ್ಲಿ. ಇಲ್ಲದ ಜನರ ಮನೆ ಕೆಡವಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಎಣಿಸಬೇಕಾದ ಸಂಖ್ಯೆ ಯಾವುದು ಎಂದು ಬೇರೆಯವರು ತೀರ್ಮಾನಿಸಿ ಕೊಟ್ಟಾಗ, ಅದನ್ನು ಹೆಚ್ಚಿಸುವುದೇ ಜಾಣತನ ಎಂದು ನಂಬಿ ನಿದ್ದೆ ಬಿಟ್ಟೆನಲ್ಲ, ಅದಕ್ಕೆ ಇದೆ.

ಈ ಅಭ್ಯಾಸ ಪರದೆಯೊಳಗೇ ಉಳಿಯುವುದಿಲ್ಲ. ಸಂಶೋಧನಾ ವಿದ್ಯಾರ್ಥಿಗಳಾದ ನಾವು ಪ್ರಕಟವಾದ ಲೇಖನಗಳನ್ನು ಎಣಿಸುತ್ತೇವೆ, ಯಾಕೆ ಬರೆದೆವೆಂದು ಕೇಳಿಕೊಳ್ಳುವುದಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗ ಊರಿನವರಾಗಿ ಖುಷಿಪಟ್ಟೆವು. ರಸ್ತೆ, ಕ್ಯಾಮೆರಾ, ದೀಪ ಎಣಿಸಲು ಬರುತ್ತವೆ, ಎಣಿಸಲೂಬೇಕು. ಆದರೆ ಎಣಿಕೆಗೆ ಯಾವುದು ಬಂತು, ಯಾವುದು ಬಿಟ್ಟುಹೋಯಿತು ಎಂದು ಕೇಳುವ ಹಕ್ಕು ನಿಜವಾದ ಊರಿನವರಿಗೆ ಇರುತ್ತದೆ. ಆಟದ ಊರಿನವರಿಗೆ ಇಲ್ಲದಿರುವುದು ಆ ಬಾಯಿ.

ಅಜ್ಜನ ಪಾಳಿಯನ್ನು ನಾನು ವೈಭವೀಕರಿಸಲಾರೆ. ಹತ್ತಿಯ ಧೂಳು ಕುಡಿದ ಅವನ ಕೆಮ್ಮು ಇವತ್ತಿಗೂ ಪಡಸಾಲೆಯಲ್ಲಿದೆ. ಆದರೆ ಅವನ ಸೈರನ್ ಎರಡು ಸಲ ಕೂಗುತ್ತಿತ್ತು: ಪಾಳಿ ಶುರುವಾದಾಗ ಒಂದು, ಮುಗಿದಾಗ ಒಂದು. ಎರಡನೆಯ ಕೂಗು ತಾನಾಗಿ ಬಂದದ್ದಲ್ಲ. ಕಾರ್ಮಿಕರು ದೇಶದೇಶಗಳಲ್ಲಿ ಜಗಳವಾಡಿ ಪಡೆದದ್ದು. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಲಕ್ಕಮ್ಮ ಮನೆಯೊಳಗೆ ಹೇಳಿದ ‘ಸಾಕು’ ಕಾನೂನಿನ ಮಾತಾಗಲು ಅಷ್ಟು ಕಾಲ ಹಿಡಿಯಿತು. ನನ್ನ ಮೊಬೈಲ್ ಕೂಗುವುದು ಒಂದೇ ಸಲ, ಶುರುಮಾಡು ಎಂದು. ಮುಗಿಯಿತು, ಮನೆಗೆ ಹೋಗು ಎಂದು ಅದು ಹೇಳಿದ್ದೇ ಇಲ್ಲ.

ಆಟವನ್ನು ನಾನು ಅಳಿಸಿಹಾಕಿಲ್ಲ. ಹರಿಹರದ ಬಸ್ಸಿನಲ್ಲಿ ಈಗಲೂ ಒಮ್ಮೊಮ್ಮೆ ತೆರೆಯುತ್ತೇನೆ. ಬಸ್ಸು ನಿಲ್ದಾಣಕ್ಕೆ ಬಂದರೆ ಆಟ ಮುಗಿಯಿತು. ಕಾರ್ಖಾನೆಯಲ್ಲಿ ಬಟ್ಟೆ ಇದ್ದರೆ ಇರಲಿ. ರಾತ್ರಿ ಎರಡರ ಅಲಾರಂ ತೆಗೆದುಹಾಕಿದ್ದೇನೆ. ಆದರೂ ಹರಿಹರದಲ್ಲಿ ಉಳಿದ ರಾತ್ರಿ ಆ ಹೊತ್ತಿಗೆ ಕೆಲವೊಮ್ಮೆ ಎಚ್ಚರವಾಗುತ್ತದೆ. ಪಡಸಾಲೆಯಲ್ಲಿ ಅಜ್ಜನಿಗೂ ಎಚ್ಚರವಾಗಿರುತ್ತದೆ. “ಮಲಕ್ಕಳಪ್ಪ, ಪಾಳಿ ಇಲ್ಲ” ಎನ್ನುತ್ತಾನೆ, ನನಗೋ ತನಗೋ.