ಅಡ್ಡ ನಿಲ್ಲುವವರ ಹಕ್ಕು

“ಅವರು ಮಾತಾಡ್ಲಿ ಬಿಡ್ರಿ, ನೀವೂ ಬ್ಯಾರೆ ಸಭಾ ಮಾಡ್ರಿ. ಅಡ್ಡ ಯಾಕ ನಿಲ್ತೀರಿ?” ದ್ವೇಷ ಭಾಷಣವೊಂದರ ಎದುರು ಕಪ್ಪು ಬಾವುಟ ಹಿಡಿದು ಹೊರಟ ಹುಡುಗರಿಗೆ ಬಸವಕಲ್ಯಾಣದ ಹಿರಿಯರೊಬ್ಬರು ಹೇಳಿದ ಈ ಬುದ್ಧಿಮಾತು ನನ್ನನ್ನು ಇನ್ನೂ ಕೆರಳಿಸುತ್ತದೆ. ಕೇಳಲು ಉದಾರವಾಗಿದೆ. ಆದರೆ ಮೈಕು ಹಿಡಿದವನ ಸ್ವಾತಂತ್ರ್ಯವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಆ ಮಾತು ಬಿದ್ದ ಬೀದಿಯಲ್ಲೇ ಬಾಳ್ವೆ ಮಾಡಬೇಕಾದವನನ್ನು ಮರೆಯುತ್ತದೆ.

ಸಂವಿಧಾನದ 19(2)ನೇ ವಿಧಿಯ ಮಿತಿಗಳನ್ನು ವಕೀಲರು ಚರ್ಚಿಸಲಿ. ನನ್ನ ತಕರಾರು ಜಾನ್ ಸ್ಟುವರ್ಟ್ ಮಿಲ್ ಜೊತೆ. ಸುಳ್ಳು ಅಭಿಪ್ರಾಯವನ್ನೂ ಹತ್ತಿಕ್ಕಬಾರದು, ಸತ್ಯ ಅದರೊಡನೆ ಗುದ್ದಾಡಿಯೇ ಗಟ್ಟಿಯಾಗುತ್ತದೆ ಎಂದು 1859ರಲ್ಲಿ ಬರೆದವನು ಅವನು. ಅವನೇ ಒಂದು ವಿನಾಯಿತಿಯನ್ನೂ ಇಟ್ಟ: ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆಂದು ಪತ್ರಿಕೆಯಲ್ಲಿ ಬರೆಯಬಹುದು, ವ್ಯಾಪಾರಿಯ ಮನೆ ಮುಂದೆ ಕೆರಳಿ ನಿಂತ ಗುಂಪಿಗೆ ಅದನ್ನೇ ಹೇಳಿದರೆ ಶಿಕ್ಷೆಯಾಗಬಹುದು. ಮಿಲ್‌ನ ಕಣ್ಣು ಕಲ್ಲು ಬೀಳುವ ಗಳಿಗೆಯ ಮೇಲಿದೆ. ಹುಮನಾಬಾದಿನ ಬಜಾರಿನಲ್ಲಿ ನಾನು ಕಂಡದ್ದೇ ಬೇರೆ. ಮೆರವಣಿಗೆಯೊಂದರ ಮೈಕು ಮುಸ್ಲಿಮರ ಅಂಗಡಿಗಳಲ್ಲಿ ಯಾರೂ ಖರೀದಿ ಮಾಡಬೇಡಿ ಎಂದು ಕೂಗುತ್ತ ಸಾಗಿತು. ಕಲ್ಲು ಬೀಳಲಿಲ್ಲ. ನನಗೆ ಚಿಕ್ಕಂದಿನಿಂದ ಬಳೆ ತೊಡಿಸಿದ ಚಾಚಾ, ಹೊರಗೆ ತೂಗುಬಿಟ್ಟಿದ್ದ ಬಳೆ ಸರಗಳನ್ನು ಒಂದೊಂದಾಗಿ ಒಳಗಿಟ್ಟು ಶಟರ್ ಅರ್ಧ ಎಳೆದರು. “ನಾಳಿ ಬರ್ರಿ ಅಕ್ಕಾ” ಎಂದರು. ತಿರುಗಿ ಮಾತಾಡುವ ಹಕ್ಕು ಅವರಿಗೂ ಇತ್ತು, ಕಾಗದದ ಮೇಲೆ. ಅಂಥ ಹೊತ್ತಿನಲ್ಲಿ ಯಾರಾದರೂ ಮೈಕಿಗೆ ಎದುರಾಗಿ ನಿಂತರಷ್ಟೇ ಅವರ ಬಾಯಿಗೆ ಧೈರ್ಯ ಬಂದೀತು.

ಮೈಕಿನ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದು ಈ ಸೀಮೆಗೆ ಗೊತ್ತಿಲ್ಲದ್ದೇನಲ್ಲ. ನಾಯಕ ಖಾಸಿಂ ರಜ್ವಿಯ ಭಾಷಣಗಳ ಬಿಸಿಯಲ್ಲಿ, ಹೈದರಾಬಾದ್ ನಿಜಾಮನ ಪರ ನಿಂತ ರಜಾಕಾರರ ಪಡೆ ಬೆಳೆಯಿತು. 1948ರಲ್ಲಿ ಬಸವಕಲ್ಯಾಣ ಭಾಗದ ಗೋರಟಾದಲ್ಲಿ ಅವರ ದಾಳಿಗೆ ಹೆಣಗಳು ಉರುಳಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡಿಗೆ ಸಿಕ್ಕವರು ಮುಸ್ಲಿಮರು. ಆ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತು.

ಹಾಗಾದರೆ ಗೆರೆ ಎಲ್ಲಿ ಎಳೆಯೋಣ? ಬಸವಕಲ್ಯಾಣದ ಪೀರ್ ಪಾಷಾ ಬಂಗಲೆಯೇ ಮೂಲ ಅನುಭವ ಮಂಟಪ ಎಂಬ ವಾದ 2022ರಲ್ಲಿ ಜೋರಾಗಿ ಎದ್ದಿತು. ವಿಚಾರ ಸಂಕಿರಣದಲ್ಲಿ ಅದು ಇತಿಹಾಸದ ಪ್ರಶ್ನೆ. ಅದೇ ಮಾತು ಬಂಗಲೆಯ ಬಾಗಿಲಿಗೆ ಬಂದ ಗುಂಪಿನ ಬಾಯಲ್ಲಿದ್ದರೆ ಜಾಗ ಖಾಲಿ ಮಾಡಿ ಎಂಬ ನೋಟಿಸು. ಇಷ್ಟರ ಮಟ್ಟಿಗೆ ಮಿಲ್ ಸರಿ, ಒಪ್ಪುತ್ತೇನೆ.

ಒಪ್ಪಬೇಕಾದದ್ದು ಇನ್ನೂ ಇದೆ. 1989ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಗ್ರಂಥದ ಬರಹಗಳಿಗೆ ಅಡ್ಡ ನಿಂತವರೂ ತಮಗೆ ನೋವಾಗಿದೆ ಎಂದೇ ಹೇಳಿದರು. ಕಲಬುರ್ಗಿಯವರು ತಮ್ಮ ಮಾತು ಹಿಂಪಡೆಯಬೇಕಾಯಿತು. 2015ರಲ್ಲಿ ಗುಂಡಿಗೆ ಬಲಿಯಾದರು. ಕಲಬುರ್ಗಿ ಬರೆದದ್ದು ಶತಮಾನಗಳ ಹಿಂದಿನವರ ಬಗ್ಗೆ, ಮೈಕು ಕೈಹಾಕಿದ್ದು ಬದುಕಿರುವವರ ಅನ್ನಕ್ಕೆ ಎಂದು ನಾನು ವ್ಯತ್ಯಾಸ ತೋರಿಸಬಲ್ಲೆ. ಅಡ್ಡ ನಿಂತ ಗುಂಪಿಗೆ ಆ ಹೊತ್ತಿನಲ್ಲಿ ಅದು ಕಾಣುತ್ತದೆಯೇ? ಕೂಗಾಟ ಸಾಲದೆಂದು ಯಾರಾದರೂ ಮೈಕಿನ ವೈರು ಕಿತ್ತರೆ? ಬಳೆ ಅಂಗಡಿ ನೆನೆದರೆ ಕೀಳಲಿ ಅನಿಸುತ್ತದೆ, ‘ಮಾರ್ಗ’ ನೆನೆದರೆ ಅಳುಕುತ್ತೇನೆ. ಕೂಗಿ ತಡೆಯುವುದು ಸರಿ, ಕಿತ್ತು ತಡೆಯುವುದು ತಪ್ಪು ಎನ್ನಲು ನನ್ನಲ್ಲಿರುವ ಕಾರಣಗಳು ನನಗೇ ಸಾಲುತ್ತಿಲ್ಲ.